ಕಡಲಂಚಿನ ಮನೆಗೆ ಕಂಪ್ಯೂಟರ್ ತರುವ ಮುನ್ನ

ಅಂಕೋಲಾ ಹತ್ತಿರದ ನಮ್ಮ ಹಟ್ಟಿಕೇರಿಯಂಥ ಊರಿನಲ್ಲಿ ಕಂಪ್ಯೂಟರ್, ಟಿವಿ, ಸ್ಪೀಕರ್, ರೂಟರ್ ಕೊಳ್ಳಬೇಕೆಂದಿರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ದುಡ್ಡು ಮೊದಲು ಅರ್ಥಿಂಗಿಗೆ ಹೋಗಲಿ, ಆಮೇಲೆ ಸಾಮಾನು ಇಡುವ ಜಾಗಕ್ಕೆ, ಉಳಿದದ್ದು ಯಂತ್ರಕ್ಕೆ. ಎಲೆಕ್ಟ್ರಾನಿಕ್ಸ್ ಹವ್ಯಾಸಕ್ಕೆ ಬಿದ್ದು ವರ್ಷಗಳೇ ಆದವು. ನನ್ನ ಮನೆಯದ್ದನ್ನೂ ನೆಂಟರಿಷ್ಟರ ಮನೆಯದ್ದನ್ನೂ ಬಿಚ್ಚಿ ನೋಡುತ್ತಲೇ ಬಂದಿದ್ದೇನೆ. ಸತ್ತ ಯಂತ್ರಗಳಲ್ಲಿ ತಾನಾಗಿ ಹಳತಾಗಿ ಸತ್ತವು ಕಡಿಮೆ. ಹೆಚ್ಚಿನವು ಉಪ್ಪು ತಿಂದವು, ಇಲ್ಲವೇ ಕರೆಂಟಿನ ಹೊಡೆತ ತಿಂದವು.

ನಮ್ಮ ಊರಿನ ಇರವೇ ಹಾಗಿದೆ. ಒಂದು ಕಡೆ ಗುಡ್ಡಗಳ ಸಾಲು, ಇನ್ನೊಂದು ಕಡೆ ಬೇಲೇಕೇರಿಯ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ 66, ಅದರ ಮೇಲೆ ಎಲ್ಲರಿಗೂ ಗೊತ್ತಿರುವ ಟೋಲ್ ನಾಕಾ. ವರ್ಷಕ್ಕೆ ಹೆಚ್ಚುಕಡಿಮೆ 3000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಹೋಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಬರೆದ ಖರೀದಿ ಸಲಹೆಗಳಲ್ಲಿ ಪ್ರೊಸೆಸರ್, ರ್‍ಯಾಮ್, ಪರದೆಯ ಮಾತು ಇರುತ್ತದೆ. ಅದೆಲ್ಲ ಬೇಕಾದದ್ದೇ. ಆದರೆ ಗೋಡೆಯೇ ಬೆವರುವ ಊರಿಗೆ ಅಷ್ಟು ಸಾಲದು.

ಉಪ್ಪಿನಿಂದ ಶುರು ಮಾಡುತ್ತೇನೆ. ಜೂನ್ ತಿಂಗಳಲ್ಲಿ ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಮುಚ್ಚಳ ಸಡಿಲವಿದ್ದರೆ ಒಳಗೆ ನೀರು ಒಡೆದಿರುತ್ತದೆ. ಗಾಳಿಯ ತೇವಾಂಶ ಶೇಕಡಾ 75 ದಾಟಿತೆಂದರೆ ಉಪ್ಪು ತಾನೇ ಗಾಳಿಯಿಂದ ನೀರು ಎಳೆದುಕೊಂಡು ಕರಗತೊಡಗುತ್ತದೆ. ಇದೇ ಕೆಲಸ ಕಂಪ್ಯೂಟರಿನ ಬೋರ್ಡಿನ ಮೇಲೂ ನಡೆಯುತ್ತದೆ. ಬೇಸಿಗೆಯುದ್ದಕ್ಕೂ ಕಡಲ ಗಾಳಿ ತಂದ ಉಪ್ಪಿನ ಸಣ್ಣ ಕಣಗಳನ್ನು ಫ್ಯಾನ್ ಒಳಗೆಳೆದು ಧೂಳಿನ ಜೊತೆ ಬೋರ್ಡಿಗೆ ಅಂಟಿಸಿರುತ್ತದೆ. ಒಣಗಿರುವಷ್ಟು ದಿನ ಅದರಿಂದ ಅಂಥ ಬಾಧೆಯಿಲ್ಲ. ಮಳೆ ಹಿಡಿದು ತೇವಾಂಶ ಏರಿದಾಗ ಅದೇ ಪದರ ಉಪ್ಪುನೀರಾಗುತ್ತದೆ. ಉಪ್ಪುನೀರಿನಲ್ಲಿ ಕರೆಂಟು ಹರಿಯುತ್ತದೆ, ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ, ಚಿಪ್ಪಿನ ಪಕ್ಕಪಕ್ಕದ ಎರಡು ಕಾಲುಗಳ ನಡುವೆ ಸಂಪರ್ಕವಾಗಬಾರದ ಕಡೆ ಆಗಿಬಿಡುತ್ತದೆ.

ಯಂತ್ರ ನಡೆಯುತ್ತಿದ್ದರೆ ಅದರ ಬಿಸಿಗೆ ಒಳಗಿನ ಗಾಳಿ ಒಣಗಿರುತ್ತದೆ. ಸುಮ್ಮನೆ ಬಿದ್ದಿದ್ದರೆ ಗೋಡೆಯಷ್ಟೇ ತಣ್ಣಗೆ, ಗೋಡೆಯಷ್ಟೇ ಒದ್ದೆ. ಹೀಗಾಗಿ ಮಳೆಗಾಲದಲ್ಲಿ ಹಾಳಾಗುವುದು ಬಳಸುವ ಯಂತ್ರಕ್ಕಿಂತ ಬಳಸದ ಯಂತ್ರವೇ ಹೆಚ್ಚು. ನಮ್ಮ ಕಡೆ ಗೋವಾಕ್ಕೋ ಮುಂಬೈಗೋ ಕೆಲಸಕ್ಕೆ ಹೋದವರ ಮನೆಗಳು ಮಳೆಗಾಲವಿಡೀ ಬಾಗಿಲು ಹಾಕಿಕೊಂಡಿರುತ್ತವೆ. ಚೌತಿಗೆ ಬಂದು ಟಿವಿ ಹಾಕಿದರೆ ಪರದೆ ಬೆಳಗುವುದಿಲ್ಲ. ‘ಮುಟ್ಟಲೇ ಇಲ್ಲ, ಹ್ಯಾಗೆ ಕೆಟ್ಟಿತು’ ಎಂದು ಕೇಳುತ್ತಾರೆ. ಮುಟ್ಟದೆ ಇದ್ದದ್ದೇ ಕಾರಣ. ಮನೆಯಲ್ಲಿ ಜನ ಇದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲ ಯಂತ್ರವನ್ನೂ ದಿನಕ್ಕೆ ಒಂದು ತಾಸಾದರೂ ನಡೆಸಿ. ಮನೆ ಮುಚ್ಚಿ ಹೋಗುವುದಾದರೆ ಸಣ್ಣ ಸಾಮಾನುಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ತಿರುಗಿ ಬಂದ ದಿನ ಕೂಡಲೇ ಸ್ವಿಚ್ ಒತ್ತಬೇಡಿ. ಕಿಟಕಿ ತೆರೆದು, ಫ್ಯಾನ್ ಹಾಕಿ, ಕೋಣೆ ಒಣಗಿದ ಮೇಲೆ, ಸಾಧ್ಯವಾದರೆ ಮರುದಿನ, ಯಂತ್ರ ಹಚ್ಚಿ.

ಜಾಗ ಆರಿಸುವಾಗ ಮಳೆ ಬರುವ ದಿಕ್ಕು ನೆನಪಿರಲಿ. ನಮ್ಮಲ್ಲಿ ಮಳೆ ನೈಋತ್ಯದಿಂದ ಹೊಡೆಯುತ್ತದೆ. ಪಡುವಣ, ತೆಂಕಣ ಗೋಡೆಗಳು ಚಿರೇಕಲ್ಲಿನವಾದರೆ ನೀರು ಕುಡಿದು ಒಳಗಡೆಯೂ ಒದ್ದೆಯಾಗುತ್ತವೆ. ಮೇಜನ್ನು ಒಳಗೋಡೆಗೆ, ಆದರೆ ಅಂಟಿಸದೆ ಒಂದು ಗೇಣು ಬಿಟ್ಟು ಇಡಿ. ಟಿವಿಯನ್ನು ಗೋಡೆಗೆ ತೂಗುಹಾಕುವುದಾದರೂ ಒಳಗೋಡೆಯನ್ನೇ ಹಿಡಿಯಿರಿ. ಸಿಪಿಯು ಡಬ್ಬ, ಸ್ಪೈಕ್ ಗಾರ್ಡ್, ವೈರುಗಳ ಗಂಟು ಯಾವುದೂ ನೆಲದ ಮೇಲೆ ಬೇಡ. ಹೆಂಚಿನ ಮನೆಯಾದರೆ ಎರಚಲು ಎಲ್ಲಿಯವರೆಗೆ ಬರುತ್ತದೆ ಎಂಬುದು ಮನೆಯವರಿಗೆ ಗೊತ್ತೇ ಇರುತ್ತದೆ. ಬಡಗಿ ಮೇಜು ಅಳೆಯುವ ಮೊದಲು ಅವರನ್ನು ಕೇಳಿ.

ಇನ್ನು ಕರೆಂಟಿನ ವಿಷಯ. ಈ ಲೇಖನದಲ್ಲಿ ಒಂದೇ ಭಾಗ ಓದಲು ಬಿಡುವಿದ್ದರೆ ಇದನ್ನು ಓದಿ.

ಉತ್ತರ ಕನ್ನಡ ಕರೆಂಟು ಹುಟ್ಟುವ ಜಿಲ್ಲೆ. ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಕಾಳಿ ನದಿಗೆ ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳಿವೆ. ಮಳೆಗಾಲದಲ್ಲಿ ನಮ್ಮ ಮನೆಯ ದೀಪ ಹೋಗುವುದು ಉತ್ಪಾದನೆ ಸಾಲದೆ ಅಲ್ಲ. ಹೆಸ್ಕಾಂ ತಂತಿಗಳು ಕಾಡು, ತೋಟ, ಗೇರುಬೇಣಗಳ ನಡುವೆ ಹಾದು ಬರುತ್ತವೆ. ಗಾಳಿಗೆ ಕೊಂಬೆ ತಾಗುತ್ತದೆ, ಲೈನು ಬೀಳುತ್ತದೆ, ತಿರುಗಿ ಹಚ್ಚುತ್ತಾರೆ, ಮತ್ತೆ ಬೀಳುತ್ತದೆ. ತಾಸುಗಟ್ಟಲೆ ಕರೆಂಟು ಇಲ್ಲದಿರುವುದಕ್ಕಿಂತ ಐದು ನಿಮಿಷದಲ್ಲಿ ಹಲವು ಸಲ ಹೋಗಿ ಬರುವುದು ಯಂತ್ರಕ್ಕೆ ಹೆಚ್ಚು ಕೆಟ್ಟದ್ದು. ಆ ಹೊತ್ತಿನಲ್ಲಿ ಫ್ರಿಜ್, ಟಿವಿ, ಕಂಪ್ಯೂಟರ್ ಪ್ಲಗ್ ಕಿತ್ತಿಡುವುದನ್ನು ಮನೆಯ ಎಲ್ಲರೂ ರೂಢಿ ಮಾಡಿಕೊಳ್ಳಬೇಕು.

ಮೊದಲು ಅರ್ಥಿಂಗ್. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿ ಲೋಹದ ಮೈ ಮೇಲೆ ಕೈ ಆಡಿಸಿದರೆ ಸಣ್ಣಗೆ ಜುಂ ಎನ್ನುತ್ತದೆಯೇ? ಡೆಸ್ಕ್‌ಟಾಪಿನ ತಗಡಿನ ಡಬ್ಬ ಮುಟ್ಟಿದರೆ ಚುರ್ ಎನ್ನುತ್ತದೆಯೇ? ಡೆಸ್ಕ್‌ಟಾಪಿನ ಪವರ್ ಸಪ್ಲೈ ಒಳಗೆ ವಿದ್ಯುತ್ ಗದ್ದಲ ತಡೆಯಲು ಹಾಕಿದ ಕೆಪ್ಯಾಸಿಟರುಗಳಿರುತ್ತವೆ. ಅವು ಸೋರುವ ಚೂರು ಕರೆಂಟು ಅರ್ಥ್ ತಂತಿ ಹಿಡಿದು ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ಡಬ್ಬದ ಮೇಲೆಯೇ 230 ವೋಲ್ಟಿನ ಅರ್ಧದಷ್ಟು ಕೂತಿರುತ್ತದೆ. ಕರೆಂಟು ಅತಿ ಕಡಿಮೆಯಾದ್ದರಿಂದ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ, ಆದರೆ ಮಾನಿಟರಿನ ವೈರೋ ಸ್ಪೀಕರಿನ ಪಿನ್ನೋ ಸಿಗಿಸುವಾಗ ಆ ಕಿಡಿ ಪೋರ್ಟನ್ನು ಸುಡಬಹುದು. ಎರಡು ಪಿನ್ನಿನ ಲ್ಯಾಪ್‌ಟಾಪ್ ಅಡಾಪ್ಟರಿನಲ್ಲಿ ಈ ಜುಂ ಸಹಜ. ಮೂರು ಪಿನ್ ಇದ್ದೂ ಚುರ್ ಎನ್ನುತ್ತಿದ್ದರೆ ನಿಮ್ಮ ಸಾಕೆಟ್ಟಿನ ಮೂರನೆಯ ತೂತಿನ ಹಿಂದೆ ಅರ್ಥ್ ಇಲ್ಲವೆಂದೇ ತಿಳಿಯಿರಿ.

ವೈರ್‌ಮನ್ನರನ್ನು ಕೇಳಿದರೆ ‘ಅರ್ಥಿಂಗ್ ಅದೆ, ತೊಂದರೆ ಇಲ್ಲ’ ಎನ್ನುತ್ತಾರೆ. ಬಾಯಿಮಾತು ಸಾಲದು, ಅಳೆದು ತೋರಿಸಲು ಹೇಳಿ. ಪರವಾನಗಿ ಇರುವ ವೈರ್‌ಮನ್ ಮಲ್ಟಿಮೀಟರ್ ಹಿಡಿದರೆ ನಿಮಿಷದ ಕೆಲಸ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇರಬೇಕು, ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ಗುಂಡಿಯನ್ನು ನೋಡಲೇಬೇಕು.

ನಮ್ಮ ಚಿರೇಕಲ್ಲಿನ ನೆಲಕ್ಕೆ ನೀರು ಹಿಡಿದಿಡುವ ಗುಣ ಕಡಿಮೆ. ಮಾರ್ಚ್ ಕಳೆಯುವ ಹೊತ್ತಿಗೆ ಅರ್ಥ್ ಗುಂಡಿ ಒಣಗಿ ಕಲ್ಲಾಗಿರುತ್ತದೆ, ತಂತಿ ನೆಲದಲ್ಲಿದ್ದರೂ ಕರೆಂಟು ನೆಲಕ್ಕೆ ಇಳಿಯುವುದಿಲ್ಲ. ಕರಾವಳಿಯಲ್ಲಿ ಜೋರು ಸಿಡಿಲು ಹೊಡೆಯುವುದು ಸರಿಯಾಗಿ ಆಗಲೇ, ಏಪ್ರಿಲ್ ಮೇ ತಿಂಗಳ ಮಳೆಪೂರ್ವ ಗುಡುಗಿನಲ್ಲಿ. ಅರ್ಥ್ ಅತ್ಯಂತ ದುರ್ಬಲವಿರುವಾಗಲೇ ಹೊಡೆತ ಬರುತ್ತದೆ ಎಂದಾಯಿತು. ಬಾವಿಕಟ್ಟೆಯ ನೀರೋ ತೋಟಕ್ಕೆ ಬಿಡುವ ನೀರೋ ಹರಿಯುವ ಕಡೆ ಗುಂಡಿ ತೋಡಿಸುವುದು ಒಳ್ಳೆಯದು. ಬೇರೆ ಕಡೆ ಇದ್ದರೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯಿರಿ. ಪೈಪಿನ ತಲೆಗೆ ತಂತಿ ಬಿಗಿದ ಬೋಲ್ಟ್ ಉಪ್ಪುಗಾಳಿಗೆ ತುಕ್ಕು ಹಿಡಿದು ಕಳಚಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಬಿಗಿಸಲು ಹೇಳಿ. ಇದಕ್ಕೆ ತಗಲುವ ಖರ್ಚು ಒಂದು ಒಳ್ಳೆಯ ಕೀಬೋರ್ಡಿನಷ್ಟೂ ಆಗಲಿಕ್ಕಿಲ್ಲ.

ಅರ್ಥ್ ಗಟ್ಟಿಯಾದ ಮೇಲೆ ಮೇನ್ ಬೋರ್ಡಿನಲ್ಲಿ ಮೂರು ಸಾಧನ ಕೇಳಿ. ಒಂದು, 30 ಮಿಲಿಆಂಪಿನ ಆರ್‌ಸಿಸಿಬಿ. ಕರೆಂಟು ಸೋರಿದರೆ ಕೂಡಲೇ ಲೈನು ಕಡಿಯುವ ಇದು ಮನುಷ್ಯರ ಜೀವಕ್ಕೆ, ಯಂತ್ರಕ್ಕಲ್ಲ. ಒದ್ದೆ ಗೋಡೆಯ ಮನೆಗಳಲ್ಲಿ ಇದಿಲ್ಲದೆ ಇರಬಾರದು. ಎರಡು, ಟೈಪ್ 2 ಎಸ್‌ಪಿಡಿ. ಸಿಡಿಲು ದೂರದಲ್ಲಿ ಹೊಡೆದಾಗ ತಂತಿಯಲ್ಲಿ ಓಡಿ ಬರುವ ಏಟನ್ನು ಇದು ನೆಲಕ್ಕೆ ತಿರುಗಿಸುತ್ತದೆ. ಅರ್ಥ್ ಸರಿಯಿಲ್ಲದ ಮನೆಯಲ್ಲಿ ಇದು ಇದ್ದೂ ಇಲ್ಲದ ಹಾಗೆ. ಇದರ ತಂತಿ ಅರ್ಧ ಮೀಟರಿಗಿಂತ ಉದ್ದ ಆಗಬಾರದು. ಮೂರನೆಯದನ್ನು ಅಂಗಡಿಯವರೂ ಹೇಳುವುದಿಲ್ಲ, ಓವರ್ ವೋಲ್ಟೇಜ್ ಕಟ್-ಆಫ್. ಕಂಬದ ಮೇಲೆ ನ್ಯೂಟ್ರಲ್ ತಂತಿ ತುಕ್ಕು ಹಿಡಿದು ಕಡಿದುಹೋದರೆ ಒಂದು ಫೇಸಿನ ಮನೆಗಳಿಗೆ 230ರ ಬದಲು 300, 350, ಕೆಲವೊಮ್ಮೆ 400ರ ಹತ್ತಿರ ವೋಲ್ಟ್ ಬರುತ್ತದೆ. ಓಣಿಯಲ್ಲಿ ಸಾಲಾಗಿ ಹತ್ತು ಮನೆಯ ಟಿವಿ ಒಟ್ಟಿಗೆ ಹೋಯಿತು ಎಂದು ಕೇಳಿದರೆ ಹೆಚ್ಚಾಗಿ ಇದೇ ಆಗಿರುತ್ತದೆ. ಮೇಜಿನ ಕೆಳಗಿನ ಸ್ಪೈಕ್ ಗಾರ್ಡ್ ಇದನ್ನು ತಡೆಯಲಾರದು. ಕ್ಷಣಮಾತ್ರದ ಏಟಿಗಷ್ಟೇ ಅದರ ಒಳಗಿನ ಬಿಲ್ಲೆ ಗುರಾಣಿ. ನಿಮಿಷಗಟ್ಟಲೆ ಹೆಚ್ಚು ವೋಲ್ಟ್ ನಿಂತರೆ ಅದೇ ಸುಟ್ಟುಹೋಗುತ್ತದೆ. ಅಂಗಡಿಯಲ್ಲಿ ಸ್ಪೈಕ್ ಗಾರ್ಡ್ ಹೆಸರಿನಲ್ಲಿ ಬರೀ ಎಕ್ಸ್‌ಟೆನ್ಷನ್ ಬೋರ್ಡ್ ಮಾರುವುದೂ ಉಂಟು. ಎಷ್ಟು ಜೌಲ್ ಏಟು ತಡೆಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರದಿದ್ದರೆ ಹೆಚ್ಚಾಗಿ ಅದು ಎಕ್ಸ್‌ಟೆನ್ಷನ್ ಬೋರ್ಡೇ.

ಸಿಡಿಲು ಮನೆಯ ಹತ್ತಿರವೇ ಬಿದ್ದರೆ ಯಾವ ಸಾಧನವೂ ನೆಚ್ಚುವಂಥದ್ದಲ್ಲ. ಪ್ಲಗ್ ಕೀಳುವುದೊಂದೇ ದಾರಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನೀವಿರುವ ಜಾಗದ ಸುತ್ತ 20ರಿಂದ 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ. ಪ್ಲಗ್ ಕೀಳುವಾಗ ಕರೆಂಟಿನ ವೈರು ಮಾತ್ರ ಕಿತ್ತು ಡಿಶ್ ಕೇಬಲ್ ಹಾಗೇ ಬಿಡುವವರೇ ಬಹಳ. ಚಾವಣಿಯ ಮೇಲಿನ ಡಿಶ್‌ನಿಂದ ಬರುವ ತಾಮ್ರದ ಕೇಬಲ್ ಸಿಡಿಲಿಗೆ ಇನ್ನೊಂದು ಹೆಬ್ಬಾಗಿಲು. ಅದನ್ನು ಸೆಟ್ ಟಾಪ್ ಬಾಕ್ಸಿನ ಹಿಂದಿನಿಂದ ತಿರುಗಿಸಿ ತೆಗೆಯಿರಿ, ಇಲ್ಲವಾದರೆ ಎಚ್‌ಡಿಎಂಐ ವೈರಿನ ಮೂಲಕ ಏಟು ಟಿವಿಗೂ ದಾಟುತ್ತದೆ. ಫೈಬರ್ ಇಂಟರ್‌ನೆಟ್‌ನ ಗಾಜಿನ ಎಳೆ ಕರೆಂಟು ಒಯ್ಯುವುದಿಲ್ಲ. ಆದರೆ ಕೆಲವು ಫೈಬರ್ ಕೇಬಲ್ಲಿಗೆ ಎಳೆತ ತಾಳಲೆಂದು ಉಕ್ಕಿನ ತಂತಿ ಜೋಡಿಸಿರುತ್ತಾರೆ. ಕೂರಿಸಲು ಬಂದ ಹುಡುಗರಿಗೆ ಆ ಉಕ್ಕಿನ ತಂತಿಯನ್ನು ಗೋಡೆಯ ಹೊರಗೇ ನಿಲ್ಲಿಸಿ, ಗಾಜಿನ ಎಳೆಯನ್ನು ಮಾತ್ರ ಒಳಗೆ ತರಲು ಹೇಳಿ.

ಇನ್ವರ್ಟರ್ ಕೊಳ್ಳುವಾಗ ಸೈನ್ ವೇವ್ ಎಂದು ಬರೆದದ್ದನ್ನೇ ಕೊಳ್ಳಿ. ಸ್ಕ್ವೇರ್ ವೇವ್ ಅಗ್ಗ, ಆದರೆ ಫ್ಯಾನ್ ಗುಂಯ್‌ಗುಡುತ್ತದೆ, ಕಂಪ್ಯೂಟರಿನ ಒಳ್ಳೆಯ ಪವರ್ ಸಪ್ಲೈಗಳು ಅದನ್ನು ಒಪ್ಪದೆ ಆಫ್ ಆಗುವುದುಂಟು. ಬಹಳ ಇನ್ವರ್ಟರುಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಬದಿ ಯುಪಿಎಸ್, ಇನ್ನೊಂದು ಬದಿ ವೈಡ್ ಅಥವಾ ನಾರ್ಮಲ್. ವೈಡ್‌ನಲ್ಲಿದ್ದರೆ 100ರಿಂದ 290 ವೋಲ್ಟ್‌ವರೆಗೆ ಬಂದದ್ದನ್ನೆಲ್ಲ ಹಾಗೇ ಮನೆಗೆ ಬಿಡುತ್ತದೆ. ಯುಪಿಎಸ್ ಬದಿಗೆ ತಳ್ಳಿದರೆ ಸುಮಾರು 180ರಿಂದ 260ರ ಹೊರಗಿನದನ್ನು ಒಳಗೆ ಬಿಡದೆ ಬ್ಯಾಟರಿಗೆ ಹೊರಳುತ್ತದೆ, ಹೊರಳುವ ವೇಗವೂ ಹೆಚ್ಚು, ಕಂಪ್ಯೂಟರ್ ಮಧ್ಯದಲ್ಲಿ ಆಫ್ ಆಗುವುದಿಲ್ಲ. ಕೂರಿಸಿ ಹೋದವರು ಅದನ್ನು ವೈಡ್‌ನಲ್ಲೇ ಬಿಟ್ಟಿರುವುದು ಸಾಮಾನ್ಯ. ಇವತ್ತೇ ನಿಮ್ಮದನ್ನು ನೋಡಿ.

ಎಷ್ಟು ಹೊತ್ತು ನಡೆಯುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. 12 ವೋಲ್ಟ್, 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿಯಲ್ಲಿ ಹೆಸರಿಗೆ 1800 ವಾಟ್-ಅವರ್ ಇರುತ್ತದೆ. ಸೋರಿಕೆ ಕಳೆದು, ಬ್ಯಾಟರಿಯನ್ನು ಪೂರ್ತಿ ಹಿಂಡದೆ ಬಳಸಿದರೆ 1100 ಸಿಕ್ಕೀತು. ಡೆಸ್ಕ್‌ಟಾಪ್ ಮತ್ತು ಮಾನಿಟರಿಗೆ 120 ವಾಟ್, ಹಳೇ ಫ್ಯಾನಿಗೆ 70, ಎರಡು ಎಲ್‌ಇಡಿ ಬಲ್ಬಿಗೆ 20, ರೂಟರಿಗೆ 10 ಎಂದರೆ 220 ವಾಟ್, ಐದು ತಾಸು. ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್, ಹಳೇ ಫ್ಯಾನ್ ಬದಲು 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಇದ್ದರೆ ಅದೇ ಬ್ಯಾಟರಿ ಅದಕ್ಕಿಂತ ಎರಡು ಪಟ್ಟು ಹೊತ್ತು ಸುಖವಾಗಿ ಬರುತ್ತದೆ. ಬ್ಯಾಟರಿಯನ್ನು ಕಂಪ್ಯೂಟರಿನ ಕೋಣೆಯಲ್ಲಿ ಇಡಬೇಡಿ, ಆಸಿಡ್ ಆವಿ ಬೋರ್ಡಿಗೆ ಉಪ್ಪಿನಷ್ಟೇ ವೈರಿ. ಗಾಳಿಯಾಡುವ ಮೂಲೆಯಲ್ಲಿಟ್ಟು ಡಿಸ್ಟಿಲ್ಡ್ ವಾಟರ್ ಮಟ್ಟ ನೋಡುತ್ತಿರಿ, ಟರ್ಮಿನಲ್‌ಗೆ ವ್ಯಾಸಲಿನ್ ಹಚ್ಚಿ.

ಅಷ್ಟು ದೊಡ್ಡ ವ್ಯವಸ್ಥೆ ಬೇಡವೆನ್ನುವವರು ರೂಟರಿಗೊಂದು 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಕೊಳ್ಳಿ. ಈ ಊರಿನಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬರುವ ಸಾಮಾನು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಫೈಬರ್ ಸಂಪರ್ಕದಲ್ಲಿ ಎಕ್ಸ್‌ಚೇಂಜ್ ಮತ್ತು ನಿಮ್ಮ ಮನೆಯ ನಡುವೆ ಬೆಳಕನ್ನು ಹಂಚುವ ಪೆಟ್ಟಿಗೆಗೆ ಕರೆಂಟು ಬೇಕಿಲ್ಲ. ಎಕ್ಸ್‌ಚೇಂಜಿನ ಬ್ಯಾಟರಿ ಮತ್ತು ನಿಮ್ಮ ರೂಟರ್ ಜೀವಂತವಿದ್ದರೆ ಇಡೀ ಊರು ಕತ್ತಲಾಗಿ ಮೊಬೈಲ್ ಟವರ್ ಮಲಗಿದರೂ ನೆಟ್ ನಡೆಯುತ್ತದೆ. ಮಗಳ ಆನ್‌ಲೈನ್ ಪರೀಕ್ಷೆಗೆ, ಆಸ್ಪತ್ರೆಗೆ ಕರೆ ಮಾಡಲಿಕ್ಕೆ, ಇದರ ಬೆಲೆ ಮಳೆಗಾಲದ ರಾತ್ರಿಯಲ್ಲಿ ತಿಳಿಯುತ್ತದೆ. ರೂಟರಿನಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಮಾತ್ರ ಹೆಚ್ಚಾಗಿ ಎಲ್ಲೋ ಮರ ಬಿದ್ದು ಎಳೆ ಕಡಿದಿರುತ್ತದೆ. ರೂಟರನ್ನು ಆಫ್ ಆನ್ ಮಾಡುತ್ತ ಕೂರದೆ ದೂರು ಕೊಡಿ.

ಇನ್ನು ಎಲ್ಲಿ ಕೊಳ್ಳಬೇಕು? ಅಂಕೋಲಾ ಪೇಟೆ ಹತ್ತಿರದ್ದು, ಕಾರವಾರದಲ್ಲಿ ಇನ್ನಷ್ಟು ಅಂಗಡಿ. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹೋದರೆ ಹುಬ್ಬಳ್ಳಿ. ಬಿಡಿಭಾಗ ಆರಿಸಿ ಕೂಡಿಸುವ ಹವ್ಯಾಸವಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್. ಗೋವಾದಲ್ಲಿ ಅಗ್ಗ ಎಂಬ ಮಾತು ನಮ್ಮ ಕಡೆ ಇನ್ನೂ ಉಳಿದಿದೆ. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ಎರಡೂ ಕಡೆ ತೆರಿಗೆ ಒಂದೇ. ಅಂಗಡಿಯವರ ರಿಯಾಯಿತಿಯಲ್ಲಷ್ಟೇ ವ್ಯತ್ಯಾಸ ಸಿಗಬಹುದು, ಹೋಗಿಬರುವ ಪೆಟ್ರೋಲ್, ಟೋಲ್ ಕಳೆದು ನೋಡಿ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರ್, ಪ್ರೊಜೆಕ್ಟರ್, ಏಸಿಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೇ ದರದ ಚೀಟಿ ತೋರಿಸಿದರೆ ಒಪ್ಪಬೇಡಿ. ಲ್ಯಾಪ್‌ಟಾಪಿನ ತೆರಿಗೆ ಮೊದಲೂ 18, ಈಗಲೂ 18.

ಭಾರವಾದ, ಕೆಡುವ ಸಂಭವವಿರುವ ಸಾಮಾನು, ಅಂದರೆ ಟಿವಿ, ಇನ್ವರ್ಟರ್, ಬ್ಯಾಟರಿ, ಯುಪಿಎಸ್, ಅಂಕೋಲಾ ಕಾರವಾರದಲ್ಲೇ ಕೊಳ್ಳಿ ಎನ್ನುತ್ತೇನೆ. ನಾಲ್ಕು ಕಾಸು ಹೆಚ್ಚಾದರೂ ಕೆಟ್ಟಾಗ ಹೋಗಿ ನಿಲ್ಲಲು ಒಂದು ಬಾಗಿಲಿರುತ್ತದೆ. ಮಳೆಗಾಲದಲ್ಲಿ ರಸ್ತೆಯನ್ನೂ ನೆಚ್ಚುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಮರು ತಿಂಗಳು, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದಿತು. ಅಂಥ ದಿನಗಳಲ್ಲಿ ಕೊರಿಯರ್ ಬರಲಿಲ್ಲ, ಸರ್ವಿಸ್ ಎಂಜಿನಿಯರ್ ಬರಲಿಲ್ಲ ಎಂದು ಯಾರನ್ನೂ ದೂರುವಂತಿರಲಿಲ್ಲ. ಮಳೆಗಾಲಕ್ಕೆ ಬೇಕಾಗುವ ಸಣ್ಣ ಬಿಡಿಭಾಗ, ಒಂದು ಹೆಚ್ಚುವರಿ ರೂಟರ್ ಅಡಾಪ್ಟರ್, ಒಂದು ಎಚ್‌ಡಿಎಂಐ ವೈರು, ಫ್ಯೂಸು, ಮೇ ತಿಂಗಳೊಳಗೆ ಮನೆಯಲ್ಲಿರಲಿ.

ಆನ್‌ಲೈನಿನಲ್ಲಿ ತರಿಸುವವರು ಪೊಟ್ಟಣ ಒಡೆಯುವುದನ್ನು ಒಂದೇ ಉಸಿರಿಗೆ ವಿಡಿಯೋ ಮಾಡಿಟ್ಟುಕೊಳ್ಳಿ, ವಿಳಾಸದ ಚೀಟಿ ಕಾಣಲಿ, ಯಂತ್ರದ ಸೀರಿಯಲ್ ನಂಬರ್ ಬಿಲ್ಲಿಗೆ ತಾಳೆಯಾಗಲಿ. ಅಡಾಪ್ಟರ್, ಪವರ್ ಬ್ಯಾಂಕ್‌ಗಳ ಮೇಲೆ ಬಿಐಎಸ್ ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅದು ಯಾವ ಕಂಪನಿಯ ಯಾವ ಸಾಮಾನಿಗೆ ಕೊಟ್ಟದ್ದೆಂದು ಬರುತ್ತದೆ. ತಾಳೆಯಾಗದಿದ್ದರೆ ವಾಪಸ್ ಮಾಡಿ. ವಾರಂಟಿ ಚೀಟಿಯ ಸಣ್ಣಕ್ಷರವನ್ನೂ ಓದಿ. ನೀರು, ತುಕ್ಕು, ಸಿಡಿಲು, ಇಲಿ, ಇರುವೆಗಳಿಂದ ಆದ ಹಾನಿ ಸಾಮಾನ್ಯವಾಗಿ ವಾರಂಟಿಯ ಹೊರಗಿರುತ್ತದೆ. ನಮ್ಮ ಕಡೆ ಯಂತ್ರ ಕೆಡುವ ಕಾರಣಗಳೇ ಅವು. ಅದಕ್ಕಾಗಿ ಎಕ್ಸ್‌ಟೆಂಡೆಡ್ ವಾರಂಟಿಗೆ ಹಾಕುವ ದುಡ್ಡನ್ನು ಎಸ್‌ಪಿಡಿಗೆ ಹಾಕಿರೆಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಅಂಗಡಿಯವರು ಬದಲಿಸಿ ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ ಇದೆ.

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಈಗ ಎಲ್ಲ ಕಡೆ ಬಂದಿದೆ, ಕಂಪನಿಗಳು ಬಳಸಿ ಬಿಟ್ಟವು. ಕೆಲವು ನಿಜಕ್ಕೂ ಗಟ್ಟಿ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದರಲ್ಲಿ ಆರು, ಏಳನೇ ತಲೆಮಾರಿನವು ಬೇಕಷ್ಟಿವೆ. ಲಿನಕ್ಸ್ ಬಳಸಲು ತಯಾರಿದ್ದರೆ ಅವನ್ನೂ ಕೊಳ್ಳಬಹುದು, ಇಲ್ಲವಾದರೆ ಬೇಡ. ಟಾರ್ಚ್ ಹಿಡಿದು ಯುಎಸ್‌ಬಿ ತೂತಿನ ಒಳಗೆ, ತಳದ ಸ್ಕ್ರೂಗಳ ತಲೆಯ ಮೇಲೆ ನೋಡಿ. ಹಸಿರು, ಬಿಳಿ ಪುಡಿ ಅಥವಾ ತುಕ್ಕು ಕಂಡರೆ ಅದು ಕಡಲಂಚಿನಲ್ಲಿ ಬಾಳಿದ ಯಂತ್ರ, ಬೆಲೆ ಎಷ್ಟೇ ಇಳಿಸಿದರೂ ಕೈಬಿಡಿ. ಹುಬ್ಬಳ್ಳಿ ಧಾರವಾಡದ ಒಣ ಹವೆಯಲ್ಲಿ ಇದ್ದ ಯಂತ್ರಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಡೆಸ್ಕ್‌ಟಾಪೋ ಲ್ಯಾಪ್‌ಟಾಪೋ ಎಂದು ಕೇಳುವವರಿಗೆ ನನ್ನ ಉತ್ತರ ಲ್ಯಾಪ್‌ಟಾಪ್, ಅದಕ್ಕೊಂದು ಬೇರೆ ಮಾನಿಟರ್ ಮತ್ತು ಕೀಬೋರ್ಡ್. ಅದರ ಹೊಟ್ಟೆಯಲ್ಲೇ ಬ್ಯಾಟರಿ ಇದೆ, ಗುಡುಗಿದ ಕೂಡಲೇ ಪ್ಲಗ್ ಕಿತ್ತು ಕೆಲಸ ಮುಂದುವರಿಸಬಹುದು. ಡೆಸ್ಕ್‌ಟಾಪಿನ ಗುಣ ಬೇರೆ, ಬಿಚ್ಚಿ ಉಜ್ಜಿ ಒಂದೊಂದೇ ಭಾಗ ಬದಲಿಸಬಹುದು. ಕೈಗೆ ಸ್ಕ್ರೂಡ್ರೈವರ್ ರೂಢಿಯಿದ್ದವರಿಗೆ ಅದೇ ಇಷ್ಟವಾದೀತು. ಮನೆಯಲ್ಲಿರುವ ಹಳೇ ಡೆಸ್ಕ್‌ಟಾಪ್ ನಿಧಾನವಾಗಿದ್ದರೆ ಹೊಸದು ಕೊಳ್ಳುವ ಮೊದಲು ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ ನೋಡಿ.

ಚಿರೇಕಲ್ಲಿನ ದಪ್ಪ ಗೋಡೆ ವೈ-ಫೈ ನುಂಗುತ್ತದೆ. 5 ಗಿಗಾಹರ್ಟ್ಸ್ ಸಂಕೇತ ಎರಡನೇ ಗೋಡೆ ದಾಟುವುದೇ ಕಷ್ಟ, 2.4 ನಿಧಾನವಾದರೂ ದೂರ ಹೋಗುತ್ತದೆ. ರೂಟರನ್ನು ಜಗುಲಿಯ ಮೂಲೆಗೆ ತಳ್ಳದೆ ಮನೆಯ ನಡುವೆ, ಎತ್ತರದಲ್ಲಿ ಕೂರಿಸಿ. ಹಿತ್ತಿಲ ಕೋಣೆಗೂ ನೆಟ್ ಬೇಕಾದರೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಎಳೆದು ಅಲ್ಲೊಂದು ಎರಡನೇ ರೂಟರ್ ಹಾಕುವುದೇ ಖಚಿತ ದಾರಿ. ಕೇಬಲ್ ಕೊಳ್ಳುವಾಗ ಶುದ್ಧ ತಾಮ್ರದ್ದೇ ಎಂದು ಕೇಳಿ. ಸಿಸಿಎ ಎಂದು ಸಣ್ಣಕ್ಷರದಲ್ಲಿ ಬರೆದದ್ದು ತಾಮ್ರದ ಲೇಪನವಿರುವ ಅಲ್ಯೂಮಿನಿಯಂ. ಉಪ್ಪುಗಾಳಿಗೆ ಅದರ ತುದಿಗಳು ಬೇಗ ಪುಡಿಯಾಗುತ್ತವೆ, ಅಲ್ಲಿಗೆ ನೆಟ್ ಬಂದು ಹೋಗುವ ರಗಳೆ ಶುರು. ಹೊರಗಿನಿಂದ ಬರುವ ಯಾವುದೇ ಕೇಬಲ್ ಗೋಡೆಯ ತೂತಿಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಾಗು ಕೊಟ್ಟು ಮೇಲೇರಿಸಿ. ಮಳೆನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಒಳಗೆ ಬರುವುದಿಲ್ಲ.

ಹುಳಹುಪ್ಪಟೆಯ ಬಗ್ಗೆ ಯಾರೂ ಬರೆಯುವುದಿಲ್ಲ, ಆದರೆ ಹಳ್ಳಿಮನೆಯಲ್ಲಿ ಇದು ದಿನದ ಮಾತು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಯುಎಸ್‌ಬಿ ತೂತು, ಹೆಡ್‌ಫೋನ್ ತೂತು, ಪ್ಲಗ್ಗಿನ ತೂತು ಎಲ್ಲವೂ ಅಳತೆಗೆ ಸರಿ. ಬಳಸದ ತೂತುಗಳಿಗೆ ರಬ್ಬರ್ ಮುಚ್ಚಳ ಹಾಕಿ, ಸಿಗದಿದ್ದರೆ ಟೇಪ್ ಸಾಕು. ಮಣ್ಣು ತುಂಬಿದ್ದರೆ ಒದ್ದೆ ಬಟ್ಟೆ ತೂರಿಸದೆ, ಯಂತ್ರ ಆಫ್ ಮಾಡಿ, ಮರದ ಕಡ್ಡಿಯಿಂದ ಒಣಗಿದ್ದಾಗಲೇ ಉದುರಿಸಿ. ಹಲ್ಲಿಗಳು ಬೆಚ್ಚನೆಯ ಇನ್ವರ್ಟರ್ ಒಳಗೆ ನುಗ್ಗಿ ತಾವೂ ಸತ್ತು ಬೋರ್ಡನ್ನೂ ಸುಡುತ್ತವೆ. ಗಾಳಿ ಕಿಂಡಿಗೆ ಸೊಳ್ಳೆ ಪರದೆಯ ಸಣ್ಣ ಜಾಲರಿ ಅಂಟಿಸಿ, ತಿಂಗಳಿಗೊಮ್ಮೆ ಅದರ ಧೂಳು ತೆಗೆಯಿರಿ.

ಕ್ಯಾಮೆರಾ ಇದ್ದವರಿಗೆ ಲೆನ್ಸಿನ ಬೂಷ್ಟು ದೊಡ್ಡ ಭಯ. ತೇವಾಂಶ ಶೇಕಡಾ 60ರ ಕೆಳಗಿದ್ದರೆ ಬೂಷ್ಟು ಬೆಳೆಯುವುದು ಕಷ್ಟ. ರಬ್ಬರ್ ಅಂಚಿನ ಡಬ್ಬ, ಒಳಗೊಂದು ಅಗ್ಗದ ತೇವಾಂಶ ಮಾಪಕ, ಬಣ್ಣ ಬದಲಾಗುವ ಸಿಲಿಕಾ ಜೆಲ್, ಇಷ್ಟಿದ್ದರೆ ಸಾಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ಸುಮಾರು 120 ಡಿಗ್ರಿಯಲ್ಲಿ ಓವನ್‌ನಲ್ಲಿ ಬಿಸಿ ಮಾಡಿದರೆ ನೀರು ಬಿಟ್ಟು ಮತ್ತೆ ಕೆಲಸಕ್ಕೆ ಬರುತ್ತದೆ. ಬಟ್ಟೆಯ ಕ್ಯಾಮೆರಾ ಚೀಲದಲ್ಲಿ, ಚರ್ಮದ ಕವರಿನಲ್ಲಿ ಮಳೆಗಾಲ ಕಳೆಯಬಾರದು, ಬೂಷ್ಟು ಹುಟ್ಟುವುದೇ ಅಲ್ಲಿ.

ಹೊಸ ಯಂತ್ರದಲ್ಲಿ ಕನ್ನಡ ಕೂರಿಸುವುದನ್ನು ಮರೆಯಬೇಡಿ. ಈಗಿನ ವಿಂಡೋಸ್‌ನಲ್ಲಿ ಭಾಷೆಯ ಸೆಟ್ಟಿಂಗಿಗೆ ಹೋಗಿ ಕನ್ನಡ ಸೇರಿಸಿದರೆ ಕೀಲಿಮಣೆ ಅಲ್ಲೇ ಸಿಗುತ್ತದೆ. ನುಡಿ ವಿನ್ಯಾಸ ಕಲಿತವರು ಕನ್ನಡ ಗಣಕ ಪರಿಷತ್ತಿನ ನುಡಿಯನ್ನು ಹಾಕಿಕೊಳ್ಳಲಿ, ಆದರೆ ಯುನಿಕೋಡ್‌ನಲ್ಲಿ ಟೈಪಿಸಲಿ. ಹಳೇ ಅಕ್ಷರಶೈಲಿಯಲ್ಲಿ ಟೈಪಿಸಿದ್ದು ಆ ಫಾಂಟ್ ಇಲ್ಲದ ಫೋನಿನಲ್ಲಿ ಓದಲಾಗುವುದಿಲ್ಲ.

ಎಷ್ಟು ಜಾಗ್ರತೆ ಮಾಡಿದರೂ ಒಂದು ದಿನ ಹೆಂಚು ಸರಿದು ನೀರು ಯಂತ್ರದ ಮೇಲೆ ಬೀಳಬಹುದು, ಹೊಳೆ ಉಕ್ಕಿ ಕೋಣೆಗೆ ಬರಬಹುದು. ಆಗ ಮೇನ್ ಸ್ವಿಚ್ ಆಫ್ ಮಾಡಿ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ, ಆಮೇಲೆ ಮುಟ್ಟಿ. ‘ನಡೆಯುತ್ತದೋ ನೋಡೋಣ’ ಎಂದು ಸ್ವಿಚ್ ಒತ್ತುವುದೇ ಯಂತ್ರವನ್ನು ಕೊಲ್ಲುವ ಕೆಲಸ. ನೀರಿಗಿಂತ ಹೆಚ್ಚು ಹಾನಿ ಮಾಡುವುದು ನೀರಿದ್ದಾಗ ಹರಿದ ಕರೆಂಟು. ಲ್ಯಾಪ್‌ಟಾಪಾದರೆ ತಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಕೀಳಿಸಿ. ಹೊಳೆಯ ನೀರಾಗಲಿ, ಕಡಲ ಉಬ್ಬರದ ನೀರಾಗಲಿ ಹೊಕ್ಕಿದ್ದರೆ ಸುಮ್ಮನೆ ಒಣಗಿಸಿದರೆ ಉಪ್ಪು, ಕೆಸರು ಅಲ್ಲೇ ಉಳಿಯುತ್ತದೆ. ಬೋರ್ಡನ್ನು ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೆದು ಬ್ರಷ್‌ನಿಂದ ತೊಳೆಯಬೇಕು, ಅದು ಗೊತ್ತಿರುವ ರಿಪೇರಿಯವರ ಬಳಿ ಆದಷ್ಟು ಬೇಗ ಒಯ್ಯಿರಿ. ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟು ದಿನ ಕಳೆಯಬೇಡಿ. ಡೆಸ್ಕ್‌ಟಾಪಿನ ರ್‍ಯಾಮ್ ತುದಿಗಳು ಬರೀ ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ತಿರುಗಿ ಕೂರಿಸಿದರೆ ಬಹಳ ಸಲ ಎದ್ದು ಕೂರುತ್ತದೆ. ಕೆಟ್ಟ ಬ್ಯಾಟರಿಯನ್ನು ಹಳ್ಳಕ್ಕೋ ಗುಂಡಿಗೋ ಎಸೆಯಬಾರದು, ಅದರ ಸೀಸ ಬಾವಿಗೆ ಇಳಿಯುತ್ತದೆ. ಹೊಸ ಬ್ಯಾಟರಿ ಕೊಡುವ ಅಂಗಡಿಯೇ ಹಳತನ್ನು ತೂಕಕ್ಕೆ ತೆಗೆದುಕೊಂಡು ಬೆಲೆಯಲ್ಲಿ ಕಳೆಯುತ್ತದೆ, ಬಿಲ್ಲಿನಲ್ಲಿ ಅದನ್ನು ಬರೆಸಿಕೊಳ್ಳಿ.